ನೋವಾಳು

ಹಿರಿಯರ ವಿಮೆ ಬದಲಿಸುವ ವಾರ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಪುಟ್ಟಚನ್ನಮ್ಮ ಹಾಯಾಗಿ ಕಾಲು ಮಡಚಿ ಕೂತಿದ್ದರು. ವಿಮೆಗೆ ಸೇರಿದಂದಿನಿಂದ ಅವರ ಮಂಡಿನೋವೆಲ್ಲ ಸರ್ಕಾರ ಗೊತ್ತುಮಾಡಿದ ನೋವಾಳಿನ ಮೈಗೆ ಹೋಗುತ್ತಿತ್ತು. ಈ ಸಲ ಹಲ್ಲುನೋವನ್ನೂ ಸೇರಿಸೋಣವೆಂದು ಬಂದಿದ್ದರು. ಬದಲಾವಣೆಗೆ ಇಬ್ಬರ ಹೆಬ್ಬೆಟ್ಟೂ ಬೇಕಲ್ಲ, ಹಾಗಾಗಿ ಆ ನೋವಾಳನ್ನು ಇವತ್ತೇ ಮೊದಲು ನೋಡುವುದು.

ಗೋಡೆ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಮಗಳ ವಯಸ್ಸಿನವಳು.

"ಅಮ್ಮ, ಒಸಿ ಕಾಲು ನೀಡ್ಕೊಳ್ಳಿ," ಎಂದಳು ಮೆಲ್ಲಗೆ.

ಪುಟ್ಟಚನ್ನಮ್ಮ ತಟ್ಟನೆ ಕಾಲು ನೀಡಿದರು. ಅವಳು ಉಸಿರುಬಿಟ್ಟು ಪಕ್ಕದಲ್ಲಿ ಕೂತಳು.

"ಕಾರ್ತೀಕದಲ್ಲಿ ಒಂದಿನ ಏನ್ ಮಾಡಿದ್ರಿ ಅಮ್ಮ? ಮಧ್ಯಾಹ್ನದ ತನಕ ನಂಗೆ ಎದ್ದು ನಿಲ್ಲೋಕಾಗ್ಲಿಲ್ಲ."

"ಹರಕೆ ಇತ್ತು ಕಣವ್ವ. ಮೊಮ್ಮಗಳಿಗೆ ಜ್ವರ ಬಿಟ್ರೆ ಮಂಡಿಯೂರ್ಕೊಂಡು ಬೆಟ್ಟ ಹತ್ತುತೀನಿ ಅಂದಿದ್ದೆ."

ಅಂದು ನಗುನಗುತ್ತಾ ಮೆಟ್ಟಿಲೇರಿದ್ದರು. ಈ ವಯಸ್ಸಲ್ಲಿ ಎಂಥ ಭಕ್ತಿ ಎಂದು ಜನ ಕಾಲಿಗೆ ಬಿದ್ದಾಗ, ಬೇಡವೆನ್ನದೆ ಆಶೀರ್ವಾದವನ್ನೂ ಮಾಡಿದ್ದರು.

"ಮಗು ಹೆಂಗದೆ ಈಗ?"

"ಚೆನ್ನಾಗವ್ಳೆ."

"ಹಂಗಾದ್ರೆ ಸರಿ ಬಿಡಿ," ಎಂದು ಅವಳು ತನ್ನ ಮಂಡಿ ನೀವಿಕೊಂಡಳು.

ಪುಟ್ಟಚನ್ನಮ್ಮ ಆ ಮಂಡಿಯನ್ನೇ ನೋಡಿದರು.

"ಹಲ್ಲುನೋವೂ ಸೇರಿಸ್ಲಾ ಅಜ್ಜಿ?" ಗುಮಾಸ್ತ ಕರೆದು ಕೇಳಿದ.

"ಬೇಡಪ್ಪ. ಮಂಡಿನೋವನ್ನೂ ನಂಗೇ ವಾಪಸ್ ಕೊಟ್ಬಿಡು," ಎಂದರು. "ಹರಕೆ ಇನ್ನೂ ತೀರಿಲ್ಲ."