ಶ್ಯಾಮಲಾಳ ನೂರು ಆಸೆ

ಸ್ಕೂಟರಿನ ಬೀಗದ ಕೈಯನ್ನು ದೀಪು ಅಕ್ಕನ ಅಂಗೈಯಲ್ಲಿಟ್ಟಾಗ, ಶ್ಯಾಮಲಾ ಮೊದಲು ನೋಡಿದ್ದು ಅವನ ಇನ್ನೊಂದು ಕೈಯನ್ನು. ಅದರಲ್ಲಿ ಕಾಗದವೇನೂ ಇರಲಿಲ್ಲ.

"ಏನೋ ಇದು?"

"ನಿನ್ನ ಪಟ್ಟೀಲಿ ನಾಲ್ಕನೇದು ಇತ್ತಲ್ಲಕ್ಕ, ಸ್ವಂತ ಸ್ಕೂಟರ್ ಓಡಿಸ್ಬೇಕು ಅಂತ. ಓಡ್ಸು."

ಎರಡು ವರ್ಷದಿಂದ ತಮ್ಮ ಈ ಹೊಸ್ತಿಲು ತುಳಿದಿರಲಿಲ್ಲ. ಅಪ್ಪ ಲಕ್ಷ್ಮಯ್ಯ ತೀರಿಕೊಂಡ ವರ್ಷವೇ ಕಾಡುಗೋಡಿಗೆ ಮೆಟ್ರೊ ಬಂತು. ಅದರ ಹಿಂದೆಯೇ ಎರಡೆಕರೆ ಹೊಲ ಕೇಳಿಕೊಂಡು ಬಿಲ್ಡರು ಬಂದ. "ಹೆಣ್ಣುಮಕ್ಕಳ ಸಹಿ ಬೇಕಂತೆ. ಬಂದು ಹಾಕ್ಬಿಟ್ಟು ಹೋಗು, ಒಳ್ಳೆ ಸೀರೆ ಕೊಡ್ತೀವಿ" ಎಂದು ದೀಪು ಫೋನು ಮಾಡಿದ್ದ. ಆ ಸೀಮೆಯ ಹೆಣ್ಣುಮಕ್ಕಳು ಸೀರೆ, ಕುಂಕುಮ ಇಸಿದುಕೊಂಡು ಸಹಿ ಹಾಕಿ ಬಂದವರೇ. ಶ್ಯಾಮಲಾ ಹಾಕಲಿಲ್ಲ. ಪಾಲು ಕೇಳಿ ಕೋರ್ಟಿಗೆ ಹೋದಳು. ಅಂದಿನಿಂದ ತವರಿನ ಬಾಗಿಲು ಮುಚ್ಚಿತು. ಎರಡು ಗೌರಿ ಹಬ್ಬ ಬಾಗಿನವಿಲ್ಲದೆ ಕಳೆದವು.

ಪಟ್ಟಿ ಹುಟ್ಟಿದ್ದು ಆ ಸಂಕಟದಲ್ಲೇ. ಸರ್ಜಾಪುರದ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು, ನಲವತ್ತೈದು ತುಂಬಿದ ದಿನ ನೂರು ಆಸೆ ಬರೆದು, ನಾಚಿಕೆ ಬಿಟ್ಟು ಫೇಸ್‌ಬುಕ್ಕಿಗೆ ಹಾಕಿದಳು. ಒಂದನೆಯದು ಸಮುದ್ರ. ಹನ್ನೊಂದು, ವಿಮಾನ. ಹದಿನೇಳು, ಅವ್ವನ ಕಾಸಿನ ಸರ ಕೊರಳಿಗೆ ಬೀಳಬೇಕು. ಇಪ್ಪತ್ತಮೂರು, ತವರಿನಿಂದ ಬಾಗಿನ. ನೂರನೆಯದು, ಅಪ್ಪನ ಹೊಲದಲ್ಲಿ ಪೂರ್ವದ ಬಾಗಿಲಿನ ಪುಟ್ಟ ಮನೆ.

ಪಕ್ಕದ ಮನೆಯ ಭಾಗ್ಯಮ್ಮ ಓದಿ ನಕ್ಕಿದ್ದಳು. "ನೂರಾ ಒಂದನೇದೂ ಬರ್ಕೊಳಮ್ಮ, ಇವ್ನೆಲ್ಲ ತೀರಿಸ್ಕೊಳ್ಳೋಕೆ ಇನ್ನೊಂದು ಜನ್ಮ ಬೇಕು ಅಂತ."

ಈಗ ಅದೇ ಭಾಗ್ಯಮ್ಮ ಗೇಟಿನಾಚೆ ನಿಂತು ಹೊಸ ಗಾಡಿಯನ್ನು ನೋಡುತ್ತಿದ್ದಳು.

ದೀಪು ಹೋದ ಮೇಲೆ ಗಂಡ ಬಾಲಾಜಿ ಗಾಡಿಯನ್ನು ಎರಡು ಸುತ್ತು ಹಾಕಿದ. "ಹುಳ ಇಲ್ದೆ ಯಾರೂ ಗಾಳ ಹಾಕಲ್ಲ ಕಣೇ. ಕೊಟ್ಟಿದ್ದು ಇಸ್ಕೋ. ಸಹಿ ಮಾತ್ರ ಎಲ್ಲೂ ಹಾಕ್ಬೇಡ."

ಅವಳಿಗೂ ಅದೇ ಭಯ. ಶೋರೂಮಿನ ಕಾಗದವನ್ನೂ ಬಾಲಾಜಿ ಅಕ್ಷರ ಅಕ್ಷರ ಓದಿದ ಮೇಲೆಯೇ ಸಹಿ ಮಾಡಿದಳು. ಅದು ಬರೀ ಗಾಡಿಯದು.

ಮುಂದಿನ ತಿಂಗಳು ದೀಪುವಿನ ಹೆಂಡತಿ ಉಮಾಶ್ರೀ ಮಲ್ಪೆಗೆ ಕರೆದೊಯ್ದಳು. ಹೋಗುವಾಗ ಮಂಗಳೂರಿನವರೆಗೆ ವಿಮಾನ. ಮೊಣಕಾಲುದ್ದದ ಅಲೆಯಲ್ಲಿ ಶ್ಯಾಮಲಾ ಸೆರಗು ಎತ್ತಿ ಹಿಡಿದು ಮಗುವಿನಂತೆ ನಗುತ್ತಿದ್ದರೆ ಉಮಾಶ್ರೀ ಫೋಟೊ ತೆಗೆದಳು.

"ಈವಾಗ್ಲೇ ಹಾಕಿ ಅತ್ಗೆ. ಟಿಕ್ ಮಾಡಿ, ತಮ್ಮ ಕೊಟ್ಟ ಅಂತ ಒಂದು ಸಾಲು ಬರೀರಿ. ಅವತ್ತು ನಕ್ಕಿದ್ದೋರು ನೋಡ್ಲಿ."

ಶ್ಯಾಮಲಾ ಬರೆದಳು. ಸಂಜೆಯೊಳಗೆ ಮುನ್ನೂರು ಜನ ಮೆಚ್ಚಿದರು. ಆಮೇಲೆ ಮೋಟಾರಿನ ಹೊಲಿಗೆ ಮಿಷನ್ನು ಬಂತು. ಕಾಸಿನ ಸರ ಬಂತು. ಒಂದೊಂದಕ್ಕೂ ಒಂದು ಫೋಟೊ, ಒಂದು ಟಿಕ್. ಸಾಲುಗಳು ಮಾತ್ರ ಉದ್ದವಾಗುತ್ತ ಹೋದವು. ಎರಡು ವರ್ಷ ಕಟ್ಟಿಟ್ಟ ಪ್ರೀತಿ, ಕೋಡಿ ಬಿದ್ದ ಕೆರೆಯಂತೆ ಹರಿಯಿತು. ಸಹಿ ಯಾರೂ ಕೇಳಲಿಲ್ಲ. ಹೊಲದ ಮಾತನ್ನು ಯಾರೂ ಎತ್ತಲಿಲ್ಲ.

ಗೌರಿ ಹಬ್ಬಕ್ಕೆ ದೀಪು ತಾನೇ ಬಂದು ಕರೆದೊಯ್ದ. ಮಣೆಯ ಮೇಲೆ ಕೂರಿಸಿ ಮೊರದ ಬಾಗಿನ ಕೊಟ್ಟರು. ಅವ್ವ ಅಶ್ವತ್ಥಮ್ಮ ಮಡಿಲು ತುಂಬುವಾಗ ಒಂದು ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು. ಹೊರಡುವ ಹೊತ್ತಿಗೆ ಹೊಸ್ತಿಲಲ್ಲಿ ಮಗಳ ಮುಂಗೈ ಹಿಡಿದುಕೊಂಡಳು.

"ಎಲ್ಲಾನೂವೆ ಇಂಗೆ ಊರಿಗೆಲ್ಲ ಸಾರ್ಬ್ಯಾಡ ಕಣವ್ವ."

"ಯಾಕವ್ವ, ದೃಷ್ಟಿ ಆಗುತ್ತಾ?"

ಅವ್ವ ಅಡುಗೆಮನೆಯ ಕಡೆ ನೋಡಿದಳು. ಒಳಗೆ ಉಮಾಶ್ರೀ ಪಾತ್ರೆ ಎತ್ತಿಡುತ್ತಿದ್ದಳು. "ಊಂ. ದೃಷ್ಟೀನೇ ಅನ್ಕೋ."

ಮುದುಕಿಯ ಮಾತಿಗೆ ನಕ್ಕು, ಶ್ಯಾಮಲಾ ಅಂದು ಎಲ್ಲಕ್ಕಿಂತ ಉದ್ದದ ಸಾಲು ಬರೆದಳು.

ಆ ವಾರವೇ ತೀರ್ಮಾನಿಸಿದಳು. ಮುಂದಿನ ವಾಯಿದೆಗೆ ಹೋಗಿ ಕೇಸು ವಾಪಸ್ ಪಡೆಯುವುದು. ತವರು ಸಿಕ್ಕಿದ ಮೇಲೆ ಹೊಲ ಯಾಕೆ? ನೂರನೆಯ ಆಸೆಯನ್ನು ಹೊಡೆದುಹಾಕುವುದು.

"ಒಂದ್ಸಲನಾದ್ರೂ ಸಹಿ ಕೇಳಿದ್ನಾ?" ಎಂದ ಬಾಲಾಜಿ.

"ಇಲ್ಲ ಕಣ್ರೀ. ನಾವೇ ಕೆಟ್ಟೋರು."



ಕೋರ್ಟಿನ ಮೊಗಸಾಲೆಯಲ್ಲಿ ದೀಪು ಕಂಡ. ಶ್ಯಾಮಲಾ ನಕ್ಕಳು, ಅವನು ಮೊಬೈಲು ನೋಡುತ್ತ ಕಂಬದ ಮರೆಗೆ ಸರಿದ. ಕೇಸು ಕೂಗುವ ಮೊದಲೇ ಹೇಳಿಬಿಡೋಣವೆಂದು ತನ್ನ ವಕೀಲ ಗುರುರಾಜ್ ಅವರ ಬಳಿ ಹೋದಳು. "ಸಾರ್, ಒಂದ್ಮಾತು."

ಗುರುರಾಜ್ ತಲೆಯೆತ್ತಲಿಲ್ಲ. ದೀಪುವಿನ ವಕೀಲರು ಆಗಷ್ಟೇ ಕೊಟ್ಟುಹೋದ ಕಟ್ಟೊಂದು ಅವರ ಕೈಯಲ್ಲಿತ್ತು. ಹಾಳೆ ತಿರುವಿದಂತೆ ಅವಳಿಗೂ ಕಂಡಿತು: ಸಮುದ್ರ, ವಿಮಾನ, ಸ್ಕೂಟರು, ಸರ. ಪ್ರತಿ ಫೋಟೊದ ಕೆಳಗೆ ಅವಳದೇ ಸಾಲು, ಕೆಂಪು ಗೆರೆ ಎಳೆದದ್ದು. ಗೌರಿ ಹಬ್ಬದ ಉದ್ದನೆಯ ಸಾಲಿನ ಕೊನೆಗೆ ಗೆರೆ ಎರಡು ಸಲ ಎಳೆದಿತ್ತು: 'ನನ್ನ ತವರು ನನಗೆ ಏನನ್ನೂ ಬಾಕಿ ಉಳಿಸಿಲ್ಲ.'

"ಇದನ್ನೆಲ್ಲ ನೀವೇ ಬರೆದಿದ್ದಾಮ್ಮ?"

"ಹೂಂ ಸಾರ್. ಅವ್ರ ಪ್ರೀತಿಗೆ..."

ಅವರು ಮೇಲಿನ ಹಾಳೆಯನ್ನು ಅವಳತ್ತ ತಿರುಗಿಸಿದರು. 'ಶ್ಯಾಮಲಾ ತನ್ನ ಪಾಲಿನ ಬದಲಿಗೆ ಪಡೆದು, ಬಹಿರಂಗವಾಗಿ ಒಪ್ಪಿಕೊಂಡಿರುವವುಗಳ ಪಟ್ಟಿ.' ಒಟ್ಟು ಇಪ್ಪತ್ತಾರು. ಕೊನೆಯದು, ಗೌರಿ ಬಾಗಿನ, ಒಂದು ಜೊತೆ.

ಅದರ ಕೆಳಗೆ, ಸಾಕ್ಷಿಯ ಜಾಗದಲ್ಲಿ, ಅವ್ವನ ಹೆಬ್ಬೆಟ್ಟು ಒತ್ತಿತ್ತು.