ಕೃತಜ್ಞತೆಯ ಪುಟ

"ಆಧಾರ ಸಿಗದ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಬೇಡಿ" ಎಂದು ಸಂಶೋಧನಾ ಬರವಣಿಗೆಯ ಪ್ರೊಫೆಸರರು ವರ್ಷವಿಡೀ ಪಾಠ ಹೇಳಿದ್ದರು. ಆ ಮಾತು ಯಾವ ಪುಸ್ತಕದ್ದು ಎಂದು ಮಾತ್ರ ಹೇಳಿರಲಿಲ್ಲ.

ಪ್ರಬಂಧ ಒಪ್ಪಿಸಲು ಅದೇ ಕೊನೆಯ ದಿನ. ಅವರ ಸಹಿ ಬೀಳದಿದ್ದರೆ ಎದುರು ನಿಂತಿದ್ದ ಹುಡುಗಿಗೆ ಇನ್ನೊಂದು ವರ್ಷ ಇದೇ ಪಾಠ. ಅವಳು ಸಂತೆಯಲ್ಲಿ ಹೂ ಮಾರುವ ಹೆಂಗಸರ ದುಡಿಮೆಯ ಬಗ್ಗೆ ಬರೆದಿದ್ದಳು. ನಕಲು ಪತ್ತೆಹಚ್ಚುವ ಸಾಫ್ಟ್‌ವೇರ್ ಇಡೀ ಪ್ರಬಂಧವನ್ನು ಜಾಲಾಡಿ, ಒಂದೇ ಒಂದು ಪುಟಕ್ಕೆ ಕೆಂಪು ಬಳಿದಿತ್ತು.

"ಏನಮ್ಮಾ ಇದು? ಹೂವಿನವರ ಜೊತೆ ಕೂತು ಎಷ್ಟು ಚೆನ್ನಾಗಿ ವಾದ ಕಟ್ಟಿದೀಯ! ಎಲ್ಲಾ ನಿನ್ನದೇ. ಕೃತಜ್ಞತೆಯ ಪುಟ ಮಾತ್ರ ಕದ್ದಿದೀಯಲ್ಲ?"

"ಹೌದು ಸರ್. ಸೀನಿಯರ್ ಒಬ್ಬರ ಪ್ರಬಂಧದಿಂದ ತಗೊಂಡೆ."

ಅವರು ಆ ಪುಟವನ್ನು ಗಟ್ಟಿಯಾಗಿ ಓದತೊಡಗಿದರು. "ಅಗಾಧ ವಿದ್ವತ್ತಿನ, ಹಗಲಿರುಳೆನ್ನದೆ ನನ್ನನ್ನು ತಿದ್ದಿದ ಪೂಜ್ಯ ಗುರುಗಳಿಗೆ..." ಓದುತ್ತಾ ಓದುತ್ತಾ ದನಿ ತಾನಾಗಿ ಮೆತ್ತಗಾಯಿತು.

"ಹೋಗಲಿ ಬಿಡು, ಹೊಗಳಿಕೆಗೆಲ್ಲ ನಕಲಿನ ನಿಯಮ ಹಾಕ್ತಾ ಕೂರೋಕಾಗಲ್ಲ" ಎನ್ನುತ್ತಾ ಪೆನ್ನಿನ ಮುಚ್ಚಳ ತೆಗೆದರು. "ಆದರೂ, ನನ್ನ ಬಗ್ಗೆ ನಾಲ್ಕು ಮಾತು ಸ್ವಂತವಾಗಿ ಬರೆಯೋಕೆ ಏನು ಕಷ್ಟವಾಗಿತ್ತಮ್ಮಾ?"

ಹುಡುಗಿ ಸಹಿ ಪೂರ್ತಿಯಾಗುವವರೆಗೆ ಕಾದು, ಪ್ರಬಂಧವನ್ನು ಎತ್ತಿ ಎದೆಗವಚಿಕೊಂಡಳು.

"ತುಂಬಾ ಹುಡುಕಿದೆ ಸರ್. ಆಧಾರ ಸಿಗಲಿಲ್ಲ."