ಕಂಠದಾನ

"ನಿಮ್ಮ ದುಃಖ ಸರಿಯಾಗಿ ಕೇಳಿಸ್ತಾ ಇಲ್ಲಮ್ಮ," ಎಂದ ಪಕ್ಷದ ಪ್ರಚಾರ ನೋಡಿಕೊಳ್ಳುವವನು, ಗಾಜಿನ ಆಚೆಯಿಂದ. "ಇನ್ನೊಂದ್ಸಲ ಓದಿ. ಈ ಸಲ ಸ್ವಲ್ಪ ಹೊಟ್ಟೆಯೊಳಗಿಂದ ಬರ್ಲಿ."

ಅವಳು ಮೈಕಿನ ಮುಂದೆ ಐದನೆಯ ಸಲ ಓದಿದಳು. "ನನ್ನ ಗಂಡ ಹನ್ನೊಂದು ತಿಂಗಳು ಮೊಬೈಲಿನಲ್ಲಿ ಇಸ್ಪೀಟಾಡಿದರು. ಆಮೇಲೆ ಸತ್ತರು." ರಕ್ತ ಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೂತು ಟೋಕನ್ ನಂಬರು ಕೂಗುವುದು ಅವಳ ಕೆಲಸ. ಇದೂ ಹಾಗೆಯೇ ಕೇಳಿಸಿತು.

"ಸತ್ತರು ಅಂದ್ರೆ ಯಾರಿಗೂ ಏನೂ ಅನ್ಸಲ್ಲ. ಬಾಳಿನ ದೀಪ ಆರಿಹೋಯ್ತು ಅನ್ನಿ."

"ದೀಪ ಆರಿರಲಿಲ್ಲ. ಉರೀತಾನೇ ಇತ್ತು. ಬಾಗಿಲು ಒಡೆದ ಮೇಲೆ ನಾನೇ ಆರಿಸಿದ್ದು."

ರೆಕಾರ್ಡಿಂಗ್‌ನವನು ಕೆಮ್ಮಿದ. ಪ್ರಚಾರದವನು ಕಾಗದದ ಮೇಲೆ ಒಂದು ಸಾಲು ಹೊಡೆದುಹಾಕಿದ. "ಆಮೇಲೆ, ಹನ್ನೊಂದು ತಿಂಗಳು ಬೇಡ. ಏಳು ಅನ್ನಿ. ಮೊದಲ ನಾಲ್ಕು ತಿಂಗಳು ಅಧಿಕಾರದಲ್ಲಿ ನಾವೇ ಇದ್ವಿ."

ಅವಳು ಅದಕ್ಕೂ ತಲೆಯಾಡಿಸಿದಳು. ಅವಳಿಗೆ ಬೇಕಿದ್ದದ್ದು ಬೇರೆಯೇ. ಮಗ ಕಳೆದದ್ದನ್ನು ಗೆದ್ದು ತರುತ್ತೇನೆಂದು ಮಾವ ಈಗ ಅದೇ ಆಟಕ್ಕೆ ಕೂತಿದ್ದರು. ನಿವೃತ್ತ ಗಣಿತದ ಮೇಷ್ಟ್ರು. ಮಗ ಲೆಕ್ಕದಲ್ಲಿ ದಡ್ಡ, ಅದಕ್ಕೇ ಸೋತ ಎಂಬುದು ಅವರ ಸಿದ್ಧಾಂತ. ಸೊಸೆ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಆಟದ ನಡುವೆ ಬರುವ ಜಾಹೀರಾತಿನೆದುರು ಮಾತ್ರ ಹಾಗೆ ಏಳುವಂತಿರಲಿಲ್ಲ.

ಪಕ್ಷದ ಜಾಹೀರಾತು ಬರುವುದೂ ಅಲ್ಲೇ. "ಆಡೋರು ಅಲ್ಲೇ ತಾನೆ ಸಿಗೋದು?" ಎಂದು ಪ್ರಚಾರದವನು ಮೊದಲ ದಿನವೇ ಹೆಮ್ಮೆಯಿಂದ ಹೇಳಿದ್ದ. ಜೂಜಿನ ವಿರುದ್ಧ ಹೋರಾಡಲು ಜೂಜಿನವರಿಗೇ ದುಡ್ಡು ಕೊಟ್ಟು ಜಾಗ ಹಿಡಿದಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ. ಮುಖ ಮಸುಕು ಮಾಡುತ್ತೇವೆ ಎಂದಾಗ ಅವಳು ಒಪ್ಪಿದ್ದಳು. ದನಿ ಇರುತ್ತದಲ್ಲ.

ಆರನೆಯ ಸಲವೂ ಟೋಕನ್ ನಂಬರೇ ಬಂತು. "ಎದುರು ಪಕ್ಷದವ್ರು ಆಗ್ಲೇ ಗಂಡನ್ನ ಕಳ್ಕೊಂಡ ಇಬ್ಬರನ್ನ ಪ್ರಚಾರಕ್ಕೆ ಇಳಿಸಿದ್ದಾರೆ, ಜೂಜು ಬಂದಿದ್ದೇ ನಮ್ಮ ಕಾಲದಲ್ಲಿ ಅಂತ. ಒಬ್ಬಳು ವೇದಿಕೆ ಮೇಲೇ ಮೂರ್ಛೆ ಹೋದ್ಲು. ನಾವು ಇದನ್ನಿಟ್ಕೊಂಡು ಎಲ್ಲಿಗೆ ಹೋಗೋಣ?" ಎಂದು ಅವನು ಫೋನ್ ಎತ್ತಿಕೊಂಡ. ಅರ್ಧ ಗಂಟೆಯೊಳಗೆ ಕಂಠದಾನದ ಕಲಾವಿದೆ ಬಂದಳು. ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು.

"ನನ್ನ ದನಿಯೇ ಇರಲಿ," ಎಂದಳು ಅವಳು. "ನಮ್ಮ ಮಾವ ಗುರುತು ಹಿಡೀಬೇಕು."

"ಇಡೀ ರಾಜ್ಯ ಕೇಳುತ್ತಮ್ಮ!"

"ರಾಜ್ಯ ಬೇಡ. ಮಾವ ಸಾಕು."

ಅವನು ಅವಳು ಸಹಿ ಮಾಡಿದ್ದ ಒಪ್ಪಿಗೆ ಪತ್ರ ತೆಗೆದು ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟ. ದನಿ ಬದಲಿಸುವ ಹಕ್ಕು ಪಕ್ಷದ್ದು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಕಷ್ಟ ನಿಜ, ನಾನಿಲ್ಲ ಅನ್ನಲ್ಲ. ಆದ್ರೆ ಕೇಳಿದ್ರೆ ನಿಜ ಅನ್ಸಲ್ಲ. ಅದಕ್ಕೇ ಈ ಕಂಠದಾನ."

"ದಾನ ಯಾರಿಗೆ?"

"ಕೊನೆಗೆ ಎಲ್ಲಾ ದಾನವೂ ಮತದಾನಕ್ಕೇ ಕಣಮ್ಮ," ಎಂದು ತನ್ನ ಮಾತಿಗೆ ತಾನೇ ನಕ್ಕ.

ಕಲಾವಿದೆ ಒಳ್ಳೆಯ ಹೆಂಗಸು. ಅವಳನ್ನು ಪಕ್ಕಕ್ಕೆ ಕರೆದು ಕೇಳಿದಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರನ್ನ ಏನಂತ ಕರೀತಿದ್ರಿ?"

"ವಿಶೇಷ ಏನಿಲ್ಲ. 'ರೀ' ಅಂತಿದ್ದೆ."

"ಅಷ್ಟು ಸಾಕು."

ಅಷ್ಟು ಸಾಕಾಯಿತು. ಕೆಂಪು ದೀಪ ಹತ್ತಿತು. ಕಲಾವಿದೆ ಒಂದು ಗುಟುಕು ಬಿಸಿನೀರು ಕುಡಿದು, "ರೀ..." ಎಂದು ಶುರುಮಾಡಿದಳು. ಏಳೇ ತಿಂಗಳಲ್ಲಿ ಬಾಳಿನ ದೀಪ ಆರಿಹೋಯಿತು. ರೆಕಾರ್ಡಿಂಗ್‌ನವನು ಕಣ್ಣೊರೆಸಿಕೊಂಡ. ಈಗ ಗಾಜಿನ ಹೊರಗೆ, ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವಳು, ತನ್ನ ಗಂಡನಿಗಾಗಿ ಯಾರೋ ಅಚ್ಚುಕಟ್ಟಾಗಿ ಅಳುವುದನ್ನು ಕೊನೆಯವರೆಗೂ ಕೇಳಿದಳು. ಒಂದೇ ಸಲಕ್ಕೆ ಸರಿಬಂತು.

ಭಾನುವಾರ ಬೆಳಿಗ್ಗೆ ಒಣಗಿದ ಬಟ್ಟೆ ಮಡಚುತ್ತಿದ್ದಾಗ, ಮಾವನ ಮೊಬೈಲಿನಿಂದ ಆ "ರೀ..." ಕೇಳಿಸಿತು. ಕೈಯಲ್ಲಿದ್ದ ದಿಂಬಿನ ಚೀಲ ಹಿಡಿದುಕೊಂಡೇ ನಿಂತಳು. ತೆರೆಯ ಮೇಲೆ ಮಂಜುಮಂಜಾಗಿ ಯಾವಳೋ ಹೆಂಗಸು. ಮಾವ ಕಣ್ಣು ಕೀಳದೆ ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು, ಎಷ್ಟೋ ತಿಂಗಳ ಮೇಲೆ ಅವಳತ್ತ ತಿರುಗಿ ಮಾತಾಡಿದರು.

"ಪಾಪ, ಯಾರ ಮನೆ ಸೊಸೇನೋ. ಕೇಳಿದ್ರೆ ಕರುಳು ಕಿತ್ತು ಬರುತ್ತೆ ನೋಡಮ್ಮ."

"ಮಾವ, ಅದು ನಾನು."

ಮಾವ ಅವಳ ಮುಖವನ್ನೊಮ್ಮೆ ನೋಡಿದರು. "ಸುಮ್ನಿರು. ನಿನ್ನ ದನಿ ನನಗೆ ಗೊತ್ತಿಲ್ವಾ? ನೀನು ಯಾವತ್ತು ಅತ್ತಿದೀಯ?"

ಮೊಬೈಲು ಟಿಣ್ ಎಂದಿತು. ಜಾಹೀರಾತನ್ನು ಪೂರ್ತಿ ನೋಡಿದ್ದಕ್ಕೆ ಇಪ್ಪತ್ತು ನಾಣ್ಯ ಬಹುಮಾನ. ಮಾವ ಕನ್ನಡಕ ಏರಿಸಿಕೊಂಡು, ಇಪ್ಪತ್ತನ್ನೂ ಒಂದೇ ಆಟಕ್ಕೆ ಕಟ್ಟಿದರು.